ಏಕಾದಶಿ ಉಪವಾಸದಲ್ಲಿ ಸಕ್ಕರೆ 58ಕ್ಕೆ ಇಳಿಯಿತು: ಮಾತ್ರೆ ನುಂಗುವವರು ಏನು ತಿಳಿದಿರಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಅಮ್ಮನಿಗೆ 68 ವರ್ಷ. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಅದರಲ್ಲಿ ಗ್ಲಿಮೆಪಿರೈಡ್ 2, ಮೆಟ್‌ಫಾರ್ಮಿನ್ 500, ವೋಗ್ಲಿಬೋಸ್ 0.2 ಮೂರೂ ಸೇರಿವೆ. ಬಿಪಿಗೆ ಮೆಟೊಪ್ರೊಲಾಲ್ ಇದೆ. ಕಿಡ್ನಿ ಪರೀಕ್ಷೆಯಲ್ಲಿ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ಶಕ್ತಿಯ ಅಳತೆ) 41 ಬಂದಿದೆ. ಮೊನ್ನೆ ಏಕಾದಶಿ ದಿನ 8 ಗಂಟೆಗೆ ಮಾತ್ರೆ ತೆಗೆದುಕೊಂಡು ಬರೀ ಕಾಫಿ ಕುಡಿದಿದ್ದರು. ಹನ್ನೊಂದೂವರೆಗೆ ಮೈಯೆಲ್ಲ ಬೆವರು, ಮಾತು ಅಡ್ಡಾದಿಡ್ಡಿ. ಗ್ಲೂಕೋಮೀಟರ್‌ನಲ್ಲಿ 58. ಸಕ್ಕರೆ ನೀರು ಕುಡಿಸಿ 20 ನಿಮಿಷ ಬಿಟ್ಟು ನೋಡಿದರೂ 61 ಅಷ್ಟೇ. ಸಕ್ಕರೆ ಕೊಟ್ಟರೂ ಯಾಕೆ ಏರಲಿಲ್ಲ? ಅವರು ಉಪವಾಸ ಬಿಡಲು ಒಪ್ಪುತ್ತಿಲ್ಲ.

ಉತ್ತರ (ವೈದ್ಯರು): ಸಕ್ಕರೆ ಏರದಿದ್ದಕ್ಕೆ ಕಾರಣ ವೋಗ್ಲಿಬೋಸ್. ನಾವು ಅಡುಗೆಗೆ ಬಳಸುವ ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆದ ಮೇಲೆಯೇ ರಕ್ತಕ್ಕೆ ಸೇರುವುದು. ಒಡೆಯುವ ಆ ಕೆಲಸವನ್ನೇ ಈ ಔಷಧಿ ತಡೆಯುತ್ತದೆ. ಅಕಾರ್ಬೋಸ್ ಇರುವ ಮಾತ್ರೆಗೂ ಇದೇ ಮಾತು. ಹಾಗಾಗಿ ನಿಮ್ಮ ಮನೆಯಲ್ಲಿ ಸಕ್ಕರೆ ನೀರು, ಬೆಲ್ಲ, ಲಾಡು ನಂಬಬೇಡಿ. ಲಾಡು, ಚಾಕಲೇಟಿನಲ್ಲಿ ಜಿಡ್ಡೂ ಇರುವುದರಿಂದ ಇನ್ನೂ ನಿಧಾನ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾದಾ ಗ್ಲೂಕೋಸ್ ಪುಡಿಯ ಡಬ್ಬಿ ಒಂದು ಅಡುಗೆಮನೆಯಲ್ಲಿ, ಒಂದು ಅಮ್ಮನ ಹಾಸಿಗೆ ಪಕ್ಕ ಇರಲಿ.

70ಕ್ಕಿಂತ ಕೆಳಗೆ ಬಂದ ಕೂಡಲೇ 15 ಗ್ರಾಂ, ಅಂದರೆ ಸುಮಾರು 3 ಟೀ ಚಮಚ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಬೆರಳು ಚುಚ್ಚಿ ನೋಡಿ. 70 ದಾಟಿಲ್ಲ ಎಂದರೆ ಇನ್ನೊಮ್ಮೆ ಅಷ್ಟೇ. ಗ್ಲೂಕೋಸ್ ಕೈಗೆ ಸಿಗದಿದ್ದರೆ ಒಂದು ದೊಡ್ಡ ಚಮಚ ಜೇನುತುಪ್ಪ ಆಗುತ್ತದೆ, ಅದರಲ್ಲಿ ಗ್ಲೂಕೋಸ್ ಒಡೆದ ರೂಪದಲ್ಲೇ ಇದೆ. 70 ದಾಟಿದ ಮೇಲೆ ಊಟ ಮಾಡಿಸಲೇಬೇಕು. ಪ್ರಜ್ಞೆ ಇಲ್ಲದಿದ್ದರೆ, ನುಂಗಲು ಆಗದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ಒಮ್ಮೆ ಏರಿತು ಎಂದು ನಿರಾಳವಾಗಬೇಡಿ. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡುವುದಿಲ್ಲ, ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಕಿಡ್ನಿ ಕುಂದಿರುವವರಲ್ಲಿ ಅದು ದೇಹದಿಂದ ಬೇಗ ಹೊರಹೋಗುವುದಿಲ್ಲ. ಕೆಲವು ಗಂಟೆ ಬಿಟ್ಟು ಸಕ್ಕರೆ ಮತ್ತೆ ಕುಸಿಯಬಹುದು. ನಿಮ್ಮ ಅಮ್ಮನಂಥವರಿಗೆ ಹೀಗಾದಾಗ ಆಸ್ಪತ್ರೆಗೆ ಕರೆದೊಯ್ದು 24 ಗಂಟೆ ನಿಗಾ ಇಡಿಸುವುದೇ ಕ್ಷೇಮ. ಮಾತು ತಡವರಿಸಿದ್ದು ಸಣ್ಣ ಲಕ್ಷಣವಲ್ಲ.

ಇನ್ನೊಂದು ಮುಖ್ಯ ವಿಷಯ. ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗ ಕೈ ನಡುಕ, ಎದೆಬಡಿತ ಗೊತ್ತೇ ಆಗದಿರಬಹುದು. ಬೆವರು ಮಾತ್ರ ಮರೆಯಾಗುವುದಿಲ್ಲ. ಅಮ್ಮ ಸುಮ್ಮನೆ ಬೆವರಿದರೆ, ಕಾರಣವಿಲ್ಲದೆ ಸಿಡುಕಿದರೆ, ಮಂಕಾದರೆ ಮೊದಲು ಮೀಟರ್ ತೆಗೆಯಿರಿ. ಆಗಲೇ ಕೈ ಒದ್ದೆ ಇದ್ದರೆ ಒರೆಸಿ, ಬೆರಳಿನ ತುದಿಯ ಮಗ್ಗುಲಲ್ಲಿ ಚುಚ್ಚಿ. ಹಣ್ಣು ಹೆಚ್ಚಿದ ಕೈ ತೊಳೆಯದೆ ನೋಡಿದರೆ ಲೆಕ್ಕ ಸುಳ್ಳಾಗಿ ಏರಿ ತೋರಿಸುತ್ತದೆ, ಇಳಿದಿರುವುದು ಮುಚ್ಚಿಹೋಗುತ್ತದೆ.

ಪ್ರಶ್ನೆ: ಹಾಗಾದರೆ ಏಕಾದಶಿ ದಿನ ಅರ್ಧ ಮಾತ್ರೆ ಕೊಡಲೇ?

ಉತ್ತರ (ವೈದ್ಯರು): ಬೇಡ. ಮೂರು ಸೇರಿದ ಮಾತ್ರೆಯ ತೊಂದರೆಯೇ ಇದು, ಒಂದನ್ನು ಕಡಿಮೆ ಮಾಡಲು ಹೋದರೆ ಮೂರೂ ಕಡಿಮೆಯಾಗುತ್ತವೆ. ಜೊತೆಗೆ ಅದರಲ್ಲಿ ಮೆಟ್‌ಫಾರ್ಮಿನ್ ಎಸ್‌ಆರ್ (ನಿಧಾನವಾಗಿ ಬಿಡುಗಡೆಯಾಗುವ ರೂಪ) ಇದ್ದರೆ ಮುರಿಯಲೇಬಾರದು, ದಿನಪೂರ್ತಿ ಬಿಡುಗಡೆಯಾಗಬೇಕಾದದ್ದು ಒಟ್ಟಿಗೇ ಬರುತ್ತದೆ.

ಮುಂದಿನ ಏಕಾದಶಿಗೆ ಮೊದಲೇ ನಿಮ್ಮ ಡಾಕ್ಟರ ಬಳಿ ಹೋಗಿ ಮೂರು ವಿಷಯ ಕೇಳಿ. ಔಷಧಿಗಳನ್ನು ಬೇರೆ ಬೇರೆ ಮಾಡಿ ಬರೆದುಕೊಡಬಹುದೇ, ರಾತ್ರಿಯ ಗ್ಲಿಮೆಪಿರೈಡ್ ನಿಜಕ್ಕೂ ಬೇಕೇ, ಅದರ ಬದಲು ಲಿನಾಗ್ಲಿಪ್ಟಿನ್‌ನಂಥದ್ದು ಸಾಕೇ. ಲಿನಾಗ್ಲಿಪ್ಟಿನ್ ಒಂದನ್ನೇ ಕೊಟ್ಟಾಗ ಸಕ್ಕರೆ ಹೀಗೆ ಪಾತಾಳಕ್ಕೆ ಇಳಿಯುವುದು ಅಪರೂಪ, ಕಿಡ್ನಿಗಾಗಿ ಪ್ರಮಾಣ ಬದಲಿಸುವ ಅಗತ್ಯವೂ ಇಲ್ಲ. ಈ ವಯಸ್ಸಿನಲ್ಲಿ, ಈ ಕಿಡ್ನಿಯಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.5ಕ್ಕೆ ತರಬೇಕೆಂದು ಹಟ ಮಾಡುವುದು ಸರಿಯಲ್ಲ. 7.5ರಿಂದ 8ರ ಒಳಗಿದ್ದರೆ ಅದನ್ನು ಒಳ್ಳೆಯ ನಿಯಂತ್ರಣ ಎಂದೇ ಹೇಳುತ್ತೇನೆ.

ಮೆಟ್‌ಫಾರ್ಮಿನ್ ಬಗ್ಗೆ: ಇಜಿಎಫ್‌ಆರ್ 45ಕ್ಕಿಂತ ಕೆಳಗಿದ್ದರೆ ದಿನಕ್ಕೆ 1000 ಮಿಲಿಗ್ರಾಂ ಮೀರಬಾರದು. ದಿನಕ್ಕೆ 500ರ ಎರಡು ಮಾತ್ರೆ ಎಂದರೆ ಅಮ್ಮನ ಪ್ರಮಾಣ ಸರಿಯಾಗಿ ಆ ಗೆರೆಯಲ್ಲಿದೆ. 30ಕ್ಕಿಂತ ಇಳಿದರೆ ನಿಲ್ಲಿಸಲೇಬೇಕು, ಆದ್ದರಿಂದ ಮೂರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಿಗೆ ಬಿ12 ಕೊರತೆ ಬರಬಹುದು. ಪಾದ ಜೋಮು ಹಿಡಿದರೆ ಸಕ್ಕರೆ ಕಾಯಿಲೆಯ ಮೇಲೆ ಹಾಕಿ ಸುಮ್ಮನಿರದೆ ಅದನ್ನೂ ನೋಡಿಸಿ.

ಉಪವಾಸ ಮಾಡಲೇಬೇಕು ಎಂದರೆ ನಿರ್ಜಲ ಬೇಡವೇ ಬೇಡ. ಗ್ಲಿಮೆಪಿರೈಡ್ ಗಡಿಯಾರ ನೋಡಿ ಅಲ್ಲ, ತಟ್ಟೆ ನೋಡಿ. ತಟ್ಟೆಯಲ್ಲಿ ಊಟ ಇಲ್ಲದ ಹೊತ್ತಿಗೆ ಆ ಮಾತ್ರೆಯೂ ಇಲ್ಲ. ಮಧ್ಯಾಹ್ನ ಒಂದು ಹೊತ್ತು ಫಲಾಹಾರ ಎಂದಾದರೆ ಅದರ ಜೊತೆ ಎಷ್ಟು ಕೊಡಬೇಕು ಎಂದು ಡಾಕ್ಟರಿಂದ ಬರೆಸಿಕೊಳ್ಳಿ. ಸಬ್ಬಕ್ಕಿ, ಆಲೂಗೆಡ್ಡೆ, ಅವಲಕ್ಕಿ ತಟ್ಟೆ ತುಂಬ ತಿಂದರೆ ಸಂಜೆಗೆ ಸಕ್ಕರೆ 300 ಮುಟ್ಟುವುದೂ ಉಂಟು. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಉಪವಾಸ ಅಲ್ಲಿಗೇ ಮುರಿಯಬೇಕು. ಇದನ್ನು ಅಮ್ಮನ ಹತ್ತಿರ ಹಿಂದಿನ ದಿನವೇ ಮಾತಾಡಿ ಒಪ್ಪಿಸಿ. ಸಕ್ಕರೆ ಇಳಿದ ಹೊತ್ತಿನಲ್ಲಿ ಯಾರ ಮಾತೂ ತಲೆಗೆ ಹೋಗುವುದಿಲ್ಲ.

ಉತ್ತರ (ಫಾರ್ಮಸಿಸ್ಟ್): ಅಂಗಡಿ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಸ್ಟ್ರಿಪ್ ಮೇಲೆ ಹೆಸರಿನ ಪಕ್ಕ ಬರುವ 1, 2 ಸಾಮಾನ್ಯವಾಗಿ ಗ್ಲಿಮೆಪಿರೈಡ್ ಎಷ್ಟು ಮಿಲಿಗ್ರಾಂ ಎಂಬುದು. ‘ಫೋರ್ಟ್’ ಎಂದಿದ್ದರೆ ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಮೆಟ್‌ಫಾರ್ಮಿನ್ 500 ಅಲ್ಲ, 1000. ಬಣ್ಣ ಒಂದೇ ಥರ ಇರಬಹುದು. ಆಸ್ಪತ್ರೆಯಲ್ಲಿ ಒಂದು ಬ್ರ್ಯಾಂಡ್, ಜನೌಷಧಿ ಕೇಂದ್ರದಲ್ಲಿ ಇನ್ನೊಂದು ತಂದು, ಹೆಸರು ಬೇರೆ ಎಂದು ಎರಡನ್ನೂ ನುಂಗುವವರಿದ್ದಾರೆ. ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದಿ, ಓದಲು ಆಗದಿದ್ದರೆ ಕೌಂಟರ್‌ನಲ್ಲಿ ಓದಿಸಿ. ಎಸ್‌ಆರ್ ಮಾತ್ರೆಯ ಖಾಲಿ ಸಿಪ್ಪೆ ಮಲದಲ್ಲಿ ಕಂಡರೆ ಗಾಬರಿ ಬೇಡ, ಔಷಧಿ ಒಳಗೆ ಸೇರಿರುತ್ತದೆ. ಅದಕ್ಕೆಂದು ಇನ್ನೊಂದು ಕೊಡಬೇಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರ್, ನನಗೆ ಗ್ಲಿಮೆಪಿರೈಡ್ ಜೊತೆ ಡಾಪಾಗ್ಲಿಫ್ಲೋಜಿನ್ 10 ಇದೆ. ಮೂತ್ರದ ಜಾಗದಲ್ಲಿ ತುರಿಕೆ. ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಮಾತ್ರೆ ತೆಗೆದುಕೊಳ್ಳಲೇ? ಮೂತ್ರ ಪರೀಕ್ಷೆಯಲ್ಲೂ ಸಕ್ಕರೆ ತುಂಬ ಬಂದಿದೆ.

ಉತ್ತರ (ಫಾರ್ಮಸಿಸ್ಟ್): ನೀವಾಗಿ ತೆಗೆದುಕೊಳ್ಳಬೇಡಿ. ಫ್ಲುಕೊನಜೋಲ್ ಗ್ಲಿಮೆಪಿರೈಡನ್ನು ಲಿವರ್‌ನಲ್ಲಿ ಕರಗಲು ಬಿಡುವುದಿಲ್ಲ, ಸಕ್ಕರೆ ದಿಢೀರನೆ ಇಳಿಯಬಹುದು. ಡಾಕ್ಟರಿಗೆ ತೋರಿಸಿದರೆ ಹಚ್ಚುವ ಮುಲಾಮಿನಲ್ಲೇ ವಾಸಿಯಾಗಬಹುದು. ಮೂತ್ರ ಮಾಡಿದ ಮೇಲೆ ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳಿ. ಡಾಪಾ ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರಕ್ಕೆ ಹಾಕಿ, ಆದ್ದರಿಂದ ಆ ವರದಿ ನೋಡಿ ಮಾತ್ರೆ ಹೆಚ್ಚಿಸಬೇಡಿ.

ಉತ್ತರ (ವೈದ್ಯರು): ವಾಂತಿ ಭೇದಿ ಶುರುವಾದ ದಿನ, ಊಟ ನೀರು ಸೇರದ ದಿನ ಡಾಪಾ ಮತ್ತು ಮೆಟ್‌ಫಾರ್ಮಿನ್ ನಿಲ್ಲಿಸಿ. ಊಟವಿಲ್ಲದಿದ್ದರೆ ಗ್ಲಿಮೆಪಿರೈಡೂ ಬೇಡ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಡಾಪಾ ತೆಗೆದುಕೊಳ್ಳುವವರಲ್ಲಿ ಮೀಟರ್ 180 ತೋರಿಸುತ್ತಿದ್ದರೂ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಬರುವ ಆಮ್ಲ) ಅಪಾಯದ ಮಟ್ಟಕ್ಕೆ ಏರಿರಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ಏದುಸಿರು ಇದ್ದರೆ ಆಸ್ಪತ್ರೆಯಲ್ಲಿ ‘ಡಾಪಾ ತೆಗೆದುಕೊಳ್ಳುತ್ತಿದ್ದೇನೆ, ಕೀಟೋನ್ ನೋಡಿ’ ಎಂದು ನೀವೇ ಹೇಳಿ. ಆಪರೇಷನ್ ಇದ್ದರೆ 3 ದಿನ ಮೊದಲು ಇದನ್ನು ನಿಲ್ಲಿಸುತ್ತಾರೆ, ಹಲ್ಲು ಕೀಳಿಸುವ ಮೊದಲೂ ದಂತವೈದ್ಯರಿಗೆ ತಿಳಿಸಿ. ಊಟ, ನೀರು ಮೊದಲಿನಂತೆ ಸೇರಲು ಶುರುವಾಗಿ ಒಂದೆರಡು ದಿನ ಆದ ಮೇಲೆ ಡಾಕ್ಟರನ್ನು ಕೇಳಿ ಮತ್ತೆ ಆರಂಭಿಸಿ. ಬಿಟ್ಟುಹೋದ ಮಾತ್ರೆಗಳನ್ನು ಸೇರಿಸಿ ಎರಡೆರಡು ನುಂಗಬೇಡಿ.