ಅಪ್‌ಡೇಟ್: ಅಮ್ಮನ ಕೆಳರೆಪ್ಪೆ ಆಪರೇಷನ್ ಆಯ್ತು

ಅಮ್ಮನ ಕೆಳರೆಪ್ಪೆಯ ಗಂಟು ಬೇಸಲ್ ಸೆಲ್ ಕಾರ್ಸಿನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಅಂತ ಬಯಾಪ್ಸಿಯಲ್ಲಿ ಬಂದಿದೆ, ಅರ್ಧಕ್ಕಿಂತ ಹೆಚ್ಚು ರೆಪ್ಪೆ ತೆಗೆದರೆ ಆ ಜಾಗಕ್ಕೆ ಏನು ಹಾಕ್ತಾರೆ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಎರಡೂ ಹಂತ ಮುಗಿದು ಅಮ್ಮ ಜಯನಗರದ ಮನೆಯಲ್ಲಿ ಆರಾಮಾಗಿದ್ದಾರೆ.

ಗಂಟು ತೆಗೆದು, ಅಂಚನ್ನು ಆಗಲೇ ಫ್ರೋಜನ್ ಸೆಕ್ಷನ್‌ಗೆ (ಆಪರೇಷನ್ ನಡುವೆಯೇ ಹೆಪ್ಪುಗಟ್ಟಿಸಿ ನೋಡೋ ಪರೀಕ್ಷೆ) ಕಳಿಸಿ, ಕ್ಯಾನ್ಸರ್ ಉಳಿದಿಲ್ಲ ಅಂತ ವರದಿ ಬಂದ ಮೇಲೇ ರೆಪ್ಪೆ ಕಟ್ಟೋಕೆ ಶುರು ಮಾಡಿದ್ರು. ಮಾಡಿದ್ದು ಹ್ಯೂಸ್ ಫ್ಲ್ಯಾಪ್, 1937ರಿಂದ ಇರೋ ವಿಧಾನ. ರೆಪ್ಪೆಗೆ ಎರಡು ಪದರ ಬೇಕಲ್ಲ? ಒಳಪದರಕ್ಕೆ ಮೇಲ್ರೆಪ್ಪೆಯ ಒಳಭಾಗದ ಟಾರ್ಸಸ್ (ರೆಪ್ಪೆಗೆ ಗಟ್ಟಿತನ ಕೊಡೋ ಪದರ), ಕಂಜಂಕ್ಟೈವಾ (ಒಳಗಿನ ತೆಳು ಪೊರೆ) ಎರಡನ್ನೂ ಪೂರ್ತಿ ಕತ್ತರಿಸದೆ ಕೆಳಗೆಳೆದು ಹೊಲಿದ್ರು, ಇದೇ ಫ್ಲ್ಯಾಪ್. ಹೊರಗಡೆಗೆ ಕಿವಿ ಹಿಂದಿನ ಚರ್ಮ. ಆ ಚರ್ಮ ಬದುಕೋಕೆ ರಕ್ತ ಫ್ಲ್ಯಾಪ್‌ನಿಂದಲೇ ಸಿಗಬೇಕು, ಅದಕ್ಕೇ ಕೆಲವು ವಾರ ಕಣ್ಣು ಮುಚ್ಚಿಯೇ ಇರುತ್ತೆ. ಆಮೇಲೆ ಇನ್ನೊಂದು ಸಣ್ಣ ಆಪರೇಷನ್ ಮಾಡಿ ಫ್ಲ್ಯಾಪ್ ಕತ್ತರಿಸಿ ಕಣ್ಣು ಬಿಡಿಸ್ತಾರೆ.

ಕಷ್ಟ ಆಗಿದ್ದು ಆ ವಾರಗಳೇ. ನೋವು ಅಷ್ಟಿರಲಿಲ್ಲ, ಆದರೆ ಒಂದೇ ಕಣ್ಣಲ್ಲಿ ಮೆಟ್ಟಿಲಿನ ಆಳ ತಿಳಿಯಲ್ಲ, ಲೋಟಕ್ಕೆ ಬಗ್ಗಿಸಿದ ಕಾಫಿ ಟೇಬಲ್ ಮೇಲೆ. ನೋಡೋಕೆ ಬಂದ ನೆಂಟರೊಬ್ಬರು "ಕಣ್ಣೇ ಹೋಯ್ತಾ?" ಅಂತ ಅಮ್ಮನ ಎದುರೇ ಕೇಳಿಬಿಟ್ರು! ಅಂಥವರನ್ನ ಬಾಗಿಲಲ್ಲೇ ತಡೆದು ವಿಷಯ ಹೇಳಿ. ಇನ್ನೊಂದು ಕಣ್ಣಲ್ಲಿ ದೃಷ್ಟಿ ಇಲ್ಲದಿದ್ದರೆ ಈ ವಿಧಾನ ಸಾಮಾನ್ಯವಾಗಿ ಹೊಂದಲ್ಲ, ಡಾಕ್ಟರ ಹತ್ತಿರ ಮೊದಲೇ ಮಾತಾಡಿ.

ಈಗ ಕಣ್ಣು ಪೂರ್ತಿ ಮುಚ್ಚುತ್ತೆ, ದೃಷ್ಟಿ ಮೊದಲಿನಂತೆಯೇ ಇದೆ. ಹೊಸ ಅಂಚಲ್ಲಿ ಕೂದಲಿಲ್ಲ, ಸ್ವಲ್ಪ ಕೆಂಪಿದೆ. ಬೆಂಗಳೂರಿನ ಧೂಳಿಗೆ ಹೊರಗೆ ಹೋದಾಗೆಲ್ಲ ಕನ್ನಡಕ ಹಾಕ್ತಾರೆ. ಗಂಟು ಮರುಕಳಿಸಬಹುದು ಅಂತ ಚೆಕಪ್ ಮುಂದುವರಿದಿದೆ.