ಐದು ಜನರ ಪ್ರಾಜೆಕ್ಟು, ಒಬ್ಬಳ ಕೆಲಸ

ಪ್ರಶ್ನೆ (ಬಾಗಲಕೋಟೆಯ ಉಪನ್ಯಾಸಕಿ):
ನಮಸ್ಕಾರ ಸರ್. ನಾನು ಎರಡನೇ ವರ್ಷದವರಿಗೆ ಗ್ರಾಫಿಕ್ ಡಿಸೈನ್ ಕಲಿಸುತ್ತೇನೆ. ಈ ಸಲ ಐದೈದು ಜನರ ಗುಂಪು ಮಾಡಿ, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಮಾರುವ ಅಂಗಡಿಗೆ ಲೋಗೋ, ಲೇಬಲ್, ಬಾಕ್ಸ್, ಪೋಸ್ಟರ್ ಎಲ್ಲಾ ಸೇರಿಸಿ ಒಂದು ಪ್ರಾಜೆಕ್ಟ್ ಕೊಟ್ಟೆ. ಆರು ವಾರ ಟೈಮ್ ಇತ್ತು. ಕೊನೆಗೆ ನೋಡಿದರೆ ಒಂದು ಗುಂಪಿನಲ್ಲಿ ಒಬ್ಬಳೇ ಹುಡುಗಿ ಮೂರು ರಾತ್ರಿ ನಿದ್ದೆಗೆಟ್ಟು ಎಲ್ಲಾ ಮಾಡಿದ್ದಾಳೆ. ಉಳಿದ ನಾಲ್ವರಿಗೆ ಫೈಲ್ ಎಲ್ಲಿದೆ ಅಂತಲೂ ಗೊತ್ತಿಲ್ಲ. ಇನ್ನೊಂದು ಗುಂಪಿನಲ್ಲಿ ಎಲ್ಲರೂ ಕೆಲಸ ಮಾಡಿದ್ದಾರೆ, ಆದರೆ ಲೋಗೋ ಒಂದು ಅಂಗಡಿಯದು, ಬಾಕ್ಸ್ ಪಕ್ಕದ ಅಂಗಡಿಯದು ಅನ್ನುವ ಹಾಗಿದೆ. ಎಲ್ಲರಿಗೂ ಒಂದೇ ಮಾರ್ಕ್ಸ್ ಕೊಟ್ಟೆ ಅಂತ ಆ ಹುಡುಗಿ ನನ್ನ ಜೊತೆ ಮಾತೇ ಬಿಟ್ಟಿದ್ದಾಳೆ. ಕೂಡಿ ಕೆಲಸ ಮಾಡುವುದನ್ನು ಕಲಿಸುವುದು ಹೇಗೆ? ಅಥವಾ ಅದು ಕಲಿಸಿ ಬರುವಂಥದ್ದೇ ಅಲ್ವಾ?

ಉತ್ತರ (ಬೆಳಗಾವಿ. ಡಿಸೈನ್, ಪ್ರಿಂಟಿಂಗ್ ನನ್ನ ಕಸುಬು, ವಾರಕ್ಕೆ ಎರಡು ದಿನ ಪಾಠ):
ಮೇಡಂ, ನಿಮ್ಮ ಮಕ್ಕಳು ಮೈಗಳ್ಳರು ಅಂತ ತೀರ್ಮಾನ ಮಾಡಬೇಡಿ. ಫ್ರಾನ್ಸಿನಲ್ಲಿ ರಿಂಗಲ್ಮನ್ ಅಂತ ಒಬ್ಬ ಕೃಷಿ ಎಂಜಿನಿಯರ್ ಇದ್ದರು. ಜನರಿಂದ ಹಗ್ಗ ಎಳೆಸಿ ಬಲ ಅಳೆದು 1913ರಲ್ಲಿ ಪ್ರಕಟಿಸಿದರು. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ, ಒಬ್ಬರೇ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಊರ ಜಾತ್ರೆಯಲ್ಲಿ ಹಗ್ಗ ಜಗ್ಗಿದವರಿಗೆಲ್ಲ ಇದು ಗೊತ್ತೇ ಇದೆ, ಹಿಂದೆ ನಿಂತವನು ಬರೀ ಮುಖ ಕಿವುಚುತ್ತಿರುತ್ತಾನೆ. ರಿಂಗಲ್ಮನ್ ಕೊಟ್ಟ ಮುಖ್ಯ ಕಾರಣ, ಎಲ್ಲರ ಎಳೆತ ಒಂದೇ ಹೊತ್ತಿಗೆ ಬೀಳುವುದಿಲ್ಲ ಅನ್ನುವುದು. ಆಮೇಲೆ 1970-80ರ ದಶಕಗಳಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಇನ್ನೊಂದನ್ನೂ ತೋರಿಸಿದರು. ತನ್ನ ಪಾಲು ಎಷ್ಟು ಅಂತ ಯಾರಿಗೂ ಕಾಣದಿದ್ದರೆ ಮನುಷ್ಯ ಕೈ ಸಡಿಲ ಬಿಡುತ್ತಾನೆ.

ನಿಮ್ಮ ಎರಡು ಗುಂಪಿನ ಕಥೆ ಇವೇ ಎರಡು. ಮೊದಲನೆಯದರಲ್ಲಿ ಕೈ ಸಡಿಲ ಬಿಟ್ಟರು, ಎರಡನೆಯದರಲ್ಲಿ ಎಳೆದರು, ಆದರೆ ಒಂದೇ ಹೊತ್ತಿಗಲ್ಲ.

ಆ ಎರಡನೇ ಗುಂಪಿನ ಮೇಲೆ ನನಗೆ ಜಾಸ್ತಿ ಮರುಕ. ಪಾಪ, ಅವರು ಮೋಸ ಮಾಡಿಲ್ಲ. ಲೋಗೋ ನೀನು ಮಾಡು, ಬಾಕ್ಸ್ ನಾನು ಮಾಡ್ತೀನಿ ಅಂತ ಹಂಚಿಕೊಂಡು ಮನೆಗೆ ಹೋದರು, ಕೊನೇ ದಿನ ತಂದು ಒಟ್ಟಿಗೆ ಇಟ್ಟರು. ಬುತ್ತಿ ಊಟದ ಹಾಗೆ, ಒಟ್ಟಿಗೆ ಕೂತರೂ ಅವರವರ ಗಂಟು ಅವರೇ ಬಿಚ್ಚಿದರು. ಮತ್ತೆ ಬೇಜಾರು ಮಾಡ್ಕೋಬೇಡಿ ಮೇಡಂ, ತಪ್ಪು ಪ್ರಾಜೆಕ್ಟಿನದೇ. ಹಂಚಿಕೊಂಡರೆ ಮುಗಿಯುವ ಕೆಲಸ ಕೊಟ್ಟರೆ ಯಾರಾದರೂ ಹಂಚಿಕೊಳ್ಳುತ್ತಾರೆ. ಹಂಚಿಕೊಳ್ಳಲು ಬಾರದ ಕೆಲಸ ಕೊಡಬೇಕು.

ನಾನು ಕೊಡುವುದು ಖಾನಾವಳಿ ಬೋರ್ಡು. ಗುಂಪಿಗೆ ಮೂರೇ ಜನ, ಐದು ಬೇಡವೇ ಬೇಡ. ಒಬ್ಬರಿಗೆ ಕನ್ನಡ, ಒಬ್ಬರಿಗೆ ಮರಾಠಿ, ಒಬ್ಬರಿಗೆ ಇಂಗ್ಲಿಷ್. ನಮ್ಮ ಖಡೇ ಬಜಾರಿನಲ್ಲಿ ಒಂದು ಸುತ್ತು ಹಾಕಿದರೆ ಮೂರೂ ಭಾಷೆ ಕಣ್ಣಿಗೆ ಬೀಳುತ್ತವೆ, ಆದ್ದರಿಂದ ಇದು ಸುಮ್ನೆ ಕಟ್ಟಿದ ಲೆಕ್ಕ ಅಂತ ಮಕ್ಕಳಿಗೆ ಅನಿಸುವುದಿಲ್ಲ. ಬೋರ್ಡಿನಲ್ಲಿ 60% ಕನ್ನಡ ಇರಬೇಕು ಅನ್ನುವ ಕಾನೂನಿದೆ, ಅದನ್ನೂ ಶರತ್ತಾಗಿ ಹಾಕುತ್ತೇನೆ. ಬರೆಯಬೇಕಾದದ್ದು ಇಷ್ಟೇ: ರೊಟ್ಟಿ ಊಟ, ಶೇಂಗಾ ಚಟ್ನಿ.

ಈಗ ನೋಡಿ ಮಜಾ. ರೊಟ್ಟಿಯ 'ಟ್ಟಿ', ಚಟ್ನಿಯ 'ಟ್ನಿ' ಎರಡರಲ್ಲೂ ಒತ್ತು ಕೆಳಗೆ ಇಳಿಯುತ್ತದೆ, ಕನ್ನಡದವನಿಗೆ ಸಾಲಿನ ಕೆಳಗೆ ಜಾಗ ಬೇಕು. ಮರಾಠಿಯ ದೇವನಾಗರಿ ಅಕ್ಷರಗಳು ತಲೆಗೆರೆಯಿಂದ ನೇತಾಡುತ್ತವೆ, ಮಾತ್ರೆ ಅದರ ಮೇಲೂ ಏಳುತ್ತದೆ, ಮರಾಠಿಯವಳಿಗೆ ಮೇಲೆ ಜಾಗ ಬೇಕು. ಇಂಗ್ಲಿಷಿನವನು ಎಲ್ಲಾ ದೊಡ್ಡಕ್ಷರ ಹಾಕಿ ಹಾಯಾಗಿ ಕೂತಿರುತ್ತಾನೆ. ಮೂವರೂ ಒಂದೇ ಪಾಯಿಂಟ್ ಸೈಜ್ ಇಟ್ಟರೂ ಮೂರೂ ಬೇರೆ ಬೇರೆ ಗಾತ್ರ ಕಾಣುತ್ತವೆ. ಒಬ್ಬ ಅಕ್ಷರ ದಪ್ಪ ಮಾಡಿದರೆ ಉಳಿದಿಬ್ಬರದು ಸೊರಗುತ್ತದೆ. ಒಬ್ಬಳು ಸಾಲಿನ ಅಂತರ ಹೆಚ್ಚಿಸಿದರೆ ಇನ್ನೊಬ್ಬನ ಒತ್ತು ಅಂಚಿಗೆ ಬಡಿಯುತ್ತದೆ. ಅರ್ಧ ಗಂಟೆಯಲ್ಲಿ ಜಗಳ ಶುರು. ನನಗೆ ಬೇಕಾದದ್ದೂ ಅದೇ. ಇಲ್ಲಿ ಯಾರೂ ತನ್ನ ಪಾಲು ಮುಗಿಸಿ ಮನೆಗೆ ಹೋಗಲು ಆಗುವುದಿಲ್ಲ, ಪಕ್ಕದವನನ್ನು ಕೇಳದೆ ಒಂದು ಗೆರೆ ಸರಿಸಲೂ ಆಗುವುದಿಲ್ಲ.

ಜಗಳ ಸ್ವಲ್ಪ ಕಾವೇರಿದ ಮೇಲೆ ಅನೇಕ್ ಅನ್ನುವ ಫಾಂಟ್ ತೋರಿಸುತ್ತೇನೆ. ಮುಂಬೈನ ಏಕ್ ಟೈಪ್ ತಂಡ ಮಾಡಿದ್ದು. ಕನ್ನಡ, ದೇವನಾಗರಿ, ತಮಿಳು, ಇಂಗ್ಲಿಷ್ ಅಂತ ಒಟ್ಟು ಹತ್ತು ಲಿಪಿ, ಹಲವರ ಕೈ, ಆದರೂ ಒಂದೇ ಮನೆಯ ಮಕ್ಕಳ ಹಾಗೆ ಕಾಣುತ್ತವೆ. ಗೂಗಲ್ ಫಾಂಟ್ಸಿನಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲೇ ತೋರಿಸಬೇಡಿ, ಅದನ್ನೇ ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ಮೂರನೇ ದಿನ ಫೈಲ್ ಬದಲಿ. ನಿಮ್ಮ ಫೈಲ್ ಪಕ್ಕದವನಿಗೆ, ಅವನದು ನಿಮಗೆ. ಫೋನ್ ಮಾಡಿ ಕೇಳುವ ಹಾಗಿಲ್ಲ. ಆಗ ಬಣ್ಣ ಬಯಲಾಗುತ್ತದೆ. ಲೇಯರುಗಳಿಗೆ ಹೆಸರೇ ಇರುವುದಿಲ್ಲ. ಒಬ್ಬ 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿರುತ್ತಾನೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಇನ್ನೊಬ್ಬ ಎಲ್ಲಾ ಕರ್ವ್ ಮಾಡಿ, ಅಂದರೆ ಅಕ್ಷರವನ್ನು ಬರೀ ಚಿತ್ರದ ಗೆರೆ ಮಾಡಿ ಇಟ್ಟಿರುತ್ತಾನೆ, ಕಾಗುಣಿತ ತಪ್ಪಿದ್ದರೂ ತಿದ್ದಲಾಗದು. ಮತ್ತೊಬ್ಬನ ಡಿಸೈನ್ ಸಾಫ್ಟ್‌ವೇರ್ ಕೋರೆಲ್ ಹೊಸ ವರ್ಷನ್, ಲ್ಯಾಬಿನದು ಹಳೇದು, ಫೈಲ್ ತೆರೆಯುವುದೇ ಇಲ್ಲ. ಒಂದೇ ಮಧ್ಯಾಹ್ನದಲ್ಲಿ ಅವರು ಕಲಿಯುವುದು ನಾನು ಒಂದು ಸೆಮಿಸ್ಟರ್ ಬಾಯಿ ಬಡಿದುಕೊಂಡರೂ ಬರುವುದಿಲ್ಲ.

ಇದನ್ನು ನಾನು ಕಾಸು ಕೊಟ್ಟು ಕಲಿತಿದ್ದೇನೆ. ಒಂದು ಮದುವೆ ಕಾರ್ಡು. ನಾನು ಯೂನಿಕೋಡಿನಲ್ಲಿ ಟೈಪ್ ಮಾಡಿ ಕೊಟ್ಟೆ. ನಮ್ಮ ಹುಡುಗ ಬೇರೆ ಕಂಪ್ಯೂಟರಿನಲ್ಲಿ ತೆರೆದ, ಅಲ್ಲಿ ಇಲ್ಲಸ್ಟ್ರೇಟರ್ ಸಾಫ್ಟ್‌ವೇರಿನಲ್ಲಿ ನಮ್ಮ ಲಿಪಿ ಸರಿಯಾಗಿ ಜೋಡಿಸುವ ಇಂಡಿಕ್ ಆಪ್ಷನ್ ಆನ್ ಇರಲಿಲ್ಲ. ಒತ್ತಕ್ಷರ ಎಲ್ಲಾ ಬಿಡಿ ಬಿಡಿಯಾಯಿತು, ಅವನು ಹಾಗೇ ಕರ್ವ್ ಮಾಡಿ ಪ್ರಿಂಟಿಗೆ ಕಳಿಸಿದ. 500 ಕಾರ್ಡು, ಮದುಮಗಳ ಹೆಸರು ಮುರಿದು ಬಿದ್ದಿತ್ತು. ಪ್ರೂಫ್ ಅವನು ನೋಡಿರುತ್ತಾನೆ ಅಂತ ನಾನು, ನಾನು ನೋಡಿರುತ್ತೇನೆ ಅಂತ ಅವನು. ಇಬ್ಬರೇ ಇದ್ದರೂ ಹಗ್ಗ ಸಡಿಲ ಬಿಟ್ಟಿದ್ದೆವು.

ಪ್ರಶ್ನೆ (ವಿಜಯಪುರದ ವಿದ್ಯಾರ್ಥಿ):
ಸರ್, ನಾನೂ ಆ ಹುಡುಗಿಯ ಥರದವನೇ. ಒಬ್ಬನೇ ಮಾಡಿದರೆ ಬೇಗ ಮುಗಿಯುತ್ತದೆ, ಚೆನ್ನಾಗೂ ಬರುತ್ತದೆ. ಮುಂದೆ ಫ್ರೀಲಾನ್ಸ್ ಮಾಡುವವನಿಗೆ ಈ ಗುಂಪಿನ ಗೋಳು ಯಾಕೆ?

ಉತ್ತರ:
ತಮ್ಮಾ, ನೀನು ಹೇಳುವುದರಲ್ಲಿ ಸತ್ಯ ಇದೆ. ಮೊದಲ ಸ್ಕೆಚ್ ನಾನೂ ಒಬ್ಬನೇ ಹಾಕುತ್ತೇನೆ, ಆಗ ಯಾರಾದರೂ ಹೆಗಲ ಮೇಲಿಂದ ಇಣುಕಿದರೆ ಸಿಟ್ಟು ಬರುತ್ತದೆ. ನಾಲ್ಕು ಜನ ಕೂತು ಲೋಗೋ ಬರೆದರೆ ನಾಲ್ಕು ಕಾಲಿನ ಕೋಳಿ ಆಗುತ್ತದೆ. ಗುಂಪಿನ ಪ್ರಾಜೆಕ್ಟಿನಲ್ಲೂ ಮೊದಲ ಎರಡು ದಿನ ಎಲ್ಲರೂ ಬೇರೆ ಬೇರೆ ಕೂತು ಸ್ಕೆಚ್ ಮಾಡಲಿ ಅನ್ನುವವನು ನಾನು.

ಆದರೆ ಫ್ರೀಲಾನ್ಸ್ ಅಂದರೆ ಒಬ್ಬನೇ ಅಂತ ಯಾರು ಹೇಳಿದರು? ಗಿರಾಕಿ, ಅವರ ಅಳಿಯ, ಪ್ರೂಫ್ ನೋಡುವ ಮಾಸ್ತರು, ಪ್ರೆಸ್ಸಿನವರು, ಬಾಕ್ಸಿಗೆ ಡೈ ಹೊಡೆಯುವವರು (ಆಕಾರಕ್ಕೆ ಕತ್ತರಿಸುವವರು), ಇಷ್ಟು ಜನರ ಕೈ ದಾಟಬೇಕು. ಕಾಲೇಜಿನ ಗುಂಪಿನಲ್ಲಾದರೂ ನಿನ್ನ ಮಾತು ಕೇಳುವವರು ಇರುತ್ತಾರೆ. ಇನ್ನೊಂದು, ಎಲ್ಲಾ ನೀನೇ ಮಾಡಿದಾಗ ಉಳಿದ ನಾಲ್ವರ ಕಲಿಕೆಯನ್ನೂ ನೀನೇ ತಿಂದ ಹಾಗಾಯಿತು. ಮುಂದಿನ ಸಲ ಹೀಗೆ ಮಾಡು. ಮೌಸ್ ಮುಟ್ಟಬೇಡ. ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳು, ಕೈ ಅವರದು. 'ಸ್ವಲ್ಪ ಆ ಕಡೆ' ಅಂತ ಹೇಳಿದರೆ ಸಾಲದು, ಯಾಕೆ ಆ ಕಡೆ ಅಂತ ಹೇಳಬೇಕು. ಆಗ ಗೊತ್ತಾಗುತ್ತದೆ, ನಿನಗೇ ಕಾರಣ ಗೊತ್ತಿಲ್ಲದೆ ಎಷ್ಟು ಕೆಲಸ ಮಾಡುತ್ತಿದ್ದೆ ಅಂತ.

ಪ್ರಶ್ನೆ (ಬೆಳಗಾವಿ ಜಿಲ್ಲೆಯ ತಾಲೂಕು ಕಾಲೇಜಿನ ಶಿಕ್ಷಕರು):
ನಮ್ಮ ಮಕ್ಕಳು ಅರ್ಧಕ್ಕರ್ಧ ಹಳ್ಳಿಯಿಂದ ಬರುವವರು. ಐದು ಗಂಟೆ ಬಸ್ ತಪ್ಪಿದರೆ ಕಥೆ ಮುಗೀತು. ಮೂವರಿಗೆ ಒಂದು ಲ್ಯಾಪ್‌ಟಾಪ್ ಇದ್ದರೆ ಪುಣ್ಯ. ಕ್ಲಾಸ್ ಮುಗಿದ ಮೇಲೆ ಸೇರಿ ಮಾಡಿ ಅಂತ ಹೇಳುವುದು ಹೇಗ್ರೀ?

ಉತ್ತರ:
ಹೇಳಲೇಬೇಡ್ರೀ ಸರ್. ಕ್ಲಾಸ್ ಮುಗಿದ ಮೇಲೆ ಸೇರಿ ಅಂದ ಕೂಡಲೇ, ಲ್ಯಾಪ್‌ಟಾಪ್ ಇದ್ದವನು, ಊರಲ್ಲೇ ರೂಮ್ ಮಾಡಿದವನು ಯಜಮಾನನಾಗುತ್ತಾನೆ. ಬಸ್ಸಿನ ಹುಡುಗಿಗೆ ಕೆಲಸಗಳ್ಳಿ ಅನ್ನುವ ಹೆಸರು ಬರುತ್ತದೆ. ಕೂಡಿ ಮಾಡುವ ಭಾಗ ಪೂರ್ತಿ ಕ್ಲಾಸಿನಲ್ಲೇ ಆಗಲಿ, ಒಬ್ಬರೇ ಮಾಡುವ ಭಾಗ ಮನೆಗೆ.

ಖಾನಾವಳಿ ಬೋರ್ಡಿಗೆ ಕಂಪ್ಯೂಟರ್ ಬೇಕಾಗಿಯೇ ಇಲ್ಲ. ಡ್ರಾಯಿಂಗ್ ಶೀಟ್, ಕತ್ತರಿ, ಬಣ್ಣದ ಕಾಗದ ಸಾಕು. ಅಕ್ಷರ ಕತ್ತರಿಸಿ ನೆಲದ ಮೇಲೆ ಇಟ್ಟು ಸರಿಸಲಿ. ಒತ್ತನ್ನು ಬೇರೆ ಬಣ್ಣದಲ್ಲಿ ಕತ್ತರಿಸಲು ಹೇಳಿ, ಜಾಗದ ಜಗಳ ಕಣ್ಣಿಗೇ ಕಾಣುತ್ತದೆ. ನಿಜ ಹೇಳಬೇಕೆಂದರೆ ಪರದೆಗಿಂತ ನೆಲವೇ ವಾಸಿ, ಮೂರು ಜೋಡಿ ಕೈ ಒಟ್ಟಿಗೆ ಇಳಿಯಬಹುದು. ಹೊರಡುವ ಮುಂಚೆ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಲಿ. ಪ್ರಿಂಟಿಗೆ ಬೇಕಾದ ಚಿತ್ರವಾದರೆ ಡಾಕ್ಯುಮೆಂಟ್ ಅಂತ ಕಳಿಸಬೇಕು, ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ.

ಪ್ರತಿಕ್ರಿಯೆ (ಆಫ್‌ಸೆಟ್ ಪ್ರೆಸ್ಸಿನವರು, ವಿಜಯಪುರ):
ಅದೆಲ್ಲಾ ಸರಿ, ಮೊದಲು 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವ ಅಂಚಿನಾಚೆಗೂ ಚಾಚುವ ಬಣ್ಣ) ಬಿಡುವುದನ್ನು ಕಲಿಸ್ರೀ ಸರ್. ಬಾಕಿದು ಆಮೇಲೆ.

ಉತ್ತರ:
ಹ್ಹ ಹ್ಹ, ಅದನ್ನು ನೀವೇ ಬಂದು ಹೇಳ್ರೀ, ನಾನು ಹೇಳಿದರೆ ಪಾಠ ಅಂದ್ಕೊಳ್ತಾರೆ. ತಮಾಷೆಗೆ ಹೇಳುತ್ತಿಲ್ಲ. ಜರ್ಮನಿಯಲ್ಲಿ 1919ರಲ್ಲಿ ಶುರುವಾದ ಬೌಹೌಸ್ ಶಾಲೆಯ ಕಾರ್ಯಾಗಾರಗಳಲ್ಲಿ ಮೊದಲ ವರ್ಷಗಳಲ್ಲಿ ಇಬ್ಬಿಬ್ಬರು ಗುರುಗಳಿರುತ್ತಿದ್ದರು, ಒಬ್ಬ ಕಲಾವಿದ, ಒಬ್ಬ ಕಸುಬುದಾರ. ಮೇಡಂ ಇದನ್ನು ಬಾಗಲಕೋಟೆಯಲ್ಲೇ ಮಾಡಬಹುದು, ಖಣ ನೇಯುವವರನ್ನೋ ಇಳಕಲ್ಲಿನ ನೇಕಾರರನ್ನೋ ಒಂದು ದಿನ ಕ್ಲಾಸಿಗೆ ಕರೆಯಿರಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹಾಯುವ ನೂಲು) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕುತ್ತಾರೆ. ನಿಮ್ಮ ಆ ಎರಡನೇ ಗುಂಪನ್ನು ಮುಂದೆ ಕೂರಿಸಿ. ಲೋಗೋಗೂ ಬಾಕ್ಸಿಗೂ ಕೊಂಡಿ ಹಾಕುವ ಕೆಲಸ ನಿಮ್ಮಲ್ಲಿ ಯಾರದಾಗಿತ್ತು ಅಂತ ಕೇಳಿ.

ಪ್ರಶ್ನೆ (ಮೊದಲು ಕೇಳಿದ ಉಪನ್ಯಾಸಕಿ):
ಸರ್, ಮಾರ್ಕ್ಸಿನ ಬಗ್ಗೆ ಹೇಳಲೇ ಇಲ್ಲ. ಮತ್ತೆ ಆ ಹುಡುಗಿ?

ಉತ್ತರ:
ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಯಲ್ಲಿದೆ ಅಂದುಕೊಂಡು ಹೇಳುತ್ತೇನೆ. ನಾನು ನೂರಕ್ಕೆ 40 ಗುಂಪಿಗೆ, 60 ಒಬ್ಬೊಬ್ಬರಿಗೆ ಇಡುತ್ತೇನೆ. ಒಬ್ಬೊಬ್ಬರನ್ನೂ ಐದು ನಿಮಿಷ ಕೂರಿಸಿ ಅವರ ಭಾಗ ಬಿಟ್ಟು ಪಕ್ಕದವರ ಭಾಗದ ಬಗ್ಗೆ ಕೇಳುತ್ತೇನೆ. ಈ ಕೆಂಪು ಯಾಕೆ, ಮೊದಲು ಏನಿತ್ತು, ಯಾರು ಬೇಡ ಅಂದರು? ಫೈಲ್ ಎಲ್ಲಿದೆ ಅಂತ ಗೊತ್ತಿಲ್ಲದವನು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಹಳೇ ಸ್ಕೆಚ್ ಎಸೆಯಬಾರದು, ತಾರೀಖು ಹಾಕಿ ಗೋಡೆಗೆ ಅಂಟಿಸಬೇಕು. ಯಾರು ಎಷ್ಟು ಮಾಡಿದರು ಅಂತ ಮಕ್ಕಳಿಂದಲೇ ಒಬ್ಬರಿಗೊಬ್ಬರು ಮಾರ್ಕ್ಸ್ ಹಾಕಿಸುವುದನ್ನೂ ಒಮ್ಮೆ ಮಾಡಿ ನೋಡಿದೆ. ಗೆಳೆಯರಿಗೆ ಗೆಳೆಯರು ಹತ್ತಕ್ಕೆ ಹತ್ತು ಕೊಟ್ಟರು, ಅಲ್ಲಿಗೆ ಬಿಟ್ಟೆ. ಈಗ ಒಂದೇ ಸಾಲು ಬರೆಸುತ್ತೇನೆ: ಯಾರ ಮಾತು ಕೇಳಿ ನೀನು ಏನು ಬದಲಿಸಿದೆ?

ಆ ಹುಡುಗಿಯನ್ನು ಕರೆದು, ಮಾರ್ಕ್ಸ್ ಹಂಚಿದ್ದು ನನ್ನ ತಪ್ಪು ಅಂತ ನೇರವಾಗಿ ಹೇಳಿಬಿಡಿ. ಮಕ್ಕಳು ಅಷ್ಟಕ್ಕೇ ಕರಗುತ್ತಾರೆ. ಆಮೇಲೆ ಬೋರ್ಡಿನ ಗುಂಪು ಮಾಡುವಾಗ ಅವಳಿಗೆ ಕನ್ನಡ ಕೊಡಬೇಡಿ, ಇಂಗ್ಲಿಷ್ ಕೊಡಿ. ಕಡಿಮೆ ಕೆಲಸದ ಭಾಗ ಅದು. ಸುಮ್ನೆ ಕೂತು ಕಾಯುವುದು ಅವಳಿಗೆ ಕಷ್ಟ ಆಗುತ್ತದೆ, ಆಗಲಿ.

ಉಪನ್ಯಾಸಕಿ:
ಸೋಮವಾರ ಶುರು ಮಾಡುತ್ತೇನೆ ಸರ್. ಆದರೆ ನಮ್ಮಲ್ಲಿ ಮರಾಠಿ ಬರೆಯುವವರು ಯಾರೂ ಇಲ್ಲ.

ಉತ್ತರ:
ಹಿಂದಿ ಹಾಕ್ರೀ, ಲಿಪಿ ಅದೇ. ಹೈಸ್ಕೂಲಿನಲ್ಲಿ ಕಲಿತಿರುತ್ತಾರೆ. ಮತ್ತೆ ಕತ್ತರಿ ಗುಂಪಿಗೆ ಒಂದೇ ಕೊಡಿ.