ದೊಡ್ಡಮ್ಮ, ಡ್ರೈವರ್ ವಿಷಯ ಇಲ್ಲಿಗೇ ಬಿಡಿ

ದೊಡ್ಡಮ್ಮ, ಈಗಷ್ಟೇ ಕೋರ್ಟಿನಿಂದ ಹೊರಗೆ ಬಂದೆ. ಟೈಪ್ ಮಾಡಲು ಆಗುತ್ತಿಲ್ಲ, ವಾಯ್ಸ್ ಮೆಸೇಜಲ್ಲೇ ಹೇಳಿಬಿಡುತ್ತೇನೆ.

ಅಣ್ಣ ಪಾರ್ಟಿ ಮುಗಿಸಿ ಬರುವಾಗ ಬೈಕಿಗೆ ಗುದ್ದಿದ್ದಾನೆ, ಆ ಹುಡುಗನ ತೊಡೆಮೂಳೆ ಮುರಿದಿದೆ, ಊದಿಸಿದಾಗ 96 ಬಂದಿದೆ. ಅಷ್ಟೇ ಅಲ್ವಾ? "ಹತ್ತು ಸಾವಿರ ಕಟ್ಟಿದರೆ ಮುಗೀತು" ಅಂತ ಚಿಕ್ಕಪ್ಪ ಮನೆಯ ಗ್ರೂಪಲ್ಲಿ ಹಾಕಿದ್ದಾರೆ. ಅದು ಬರೀ ಕುಡಿದು ಓಡಿಸಿದ್ದಕ್ಕೆ. 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೂಳೆ ಮುರಿದಿರುವುದರಿಂದ ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ), 125(ಬಿ) (ಅಜಾಗರೂಕತೆಯಿಂದ ತೀವ್ರ ಗಾಯ) ಕೂಡ ಸೇರುತ್ತವೆ. 125(ಬಿ)ಯಲ್ಲಿ ಮೂರು ವರ್ಷದವರೆಗೆ ಜೈಲು. ಇವೆಲ್ಲ ಜಾಮೀನು ಸಿಗುವಂಥವೇ, ಗಾಬರಿ ಬೇಡ. 110, ಅಂದರೆ ಕೊಲೆಯಲ್ಲದ ನರಹತ್ಯೆಯ ಯತ್ನ ಅಂತ ಹಾಕಿದರೆ ಮಾತ್ರ ಕಥೆ ಬೇರೆ, ಅದು ಜಾಮೀನುರಹಿತ. ಎಫ್‌ಐಆರ್ ಪ್ರತಿ ಕಳಿಸಿ, ನೋಡುತ್ತೇನೆ.

ಡ್ರೈವರ್ ಓಡಿಸುತ್ತಿದ್ದ ಅಂತ ಹೇಳಿಸೋಣ ಅಂದರಲ್ಲ ಭಾವ, ದಯವಿಟ್ಟು ಬೇಡ. 2024ರಲ್ಲಿ ಪುಣೆಯ ಪೋರ್ಶೆ ಕೇಸ್ ನೋಡಿದ್ದೀರಿ, ಹುಡುಗನೊಬ್ಬನ ಕಾರು ಗುದ್ದಿ ಇಬ್ಬರು ಸತ್ತಿದ್ದು. ಡ್ರೈವರ್ ತಲೆಗೆ ಕಟ್ಟಲು ನೋಡಿದರು, ರಕ್ತದ ಸ್ಯಾಂಪಲ್ ಬದಲಾಯಿಸಿದರು ಅನ್ನುವ ಆರೋಪದಲ್ಲಿ ಹುಡುಗನ ಅಪ್ಪ, ಅಮ್ಮ, ತಾತ, ಡಾಕ್ಟರ್‌ಗಳು ಎಲ್ಲರೂ ಅರೆಸ್ಟ್ ಆದರು. ಒಬ್ಬನ ಕೇಸ್ ಮನೆಮಂದಿಯ ಕೇಸ್ ಆಯಿತು. ಈಗ ಎಲ್ಲ ಕಡೆ ಕ್ಯಾಮೆರಾ ಬೇರೆ.

ವಾದ ಮಾಡಲು ನಿಜವಾಗಿ ಜಾಗ ಇರುವುದು ತಪಾಸಣೆಯಲ್ಲಿ. ಮೆಷಿನ್ ಚೀಟಿಯಲ್ಲಿ ಹೊತ್ತು, ಹೆಸರು ಸರಿಯಾಗಿದೆಯಾ? ಅರೆಸ್ಟ್ ಮಾಡಿದ ಎರಡು ಗಂಟೆಯೊಳಗೆ ಡಾಕ್ಟರ್ ಹತ್ತಿರ ತಪಾಸಣೆ ಆಯಿತಾ? ರಕ್ತ ತೆಗೆದಿದ್ದರೆ ಸೀಲ್ ಹೇಗಿತ್ತು, ಲ್ಯಾಬಿಗೆ ಯಾವಾಗ ಹೋಯಿತು? ಇಲ್ಲಿ ಎಡವಟ್ಟಾಗಿದ್ದರೆ 185 ಬಿದ್ದುಹೋಗಬಹುದು. ಆದರೆ ಅದು ಬಿದ್ದ ಮಾತ್ರಕ್ಕೆ 125 ಬೀಳುವುದಿಲ್ಲ. ಅಲ್ಲಿ ಪ್ರಶ್ನೆಯೇ ಬೇರೆ: ಅಜಾಗರೂಕತೆಯಿಂದ ಓಡಿಸಿದನಾ, ಇಲ್ಲವಾ? ಬೈಕ್ ರಾಂಗ್ ಸೈಡಲ್ಲಿ ಬಂದಿತ್ತು ಅಂತೀರಿ. ಹಾಗಿದ್ದರೆ ಆ ರಸ್ತೆಯ ಅಂಗಡಿಗಳ ಸಿಸಿಟಿವಿ ಇವತ್ತೇ ಕೇಳಬೇಕು. ಸುಮಾರು ಕಡೆ ಹಳೆಯದು ತಾನಾಗಿಯೇ ಅಳಿಸಿಹೋಗುತ್ತದೆ.

ರಾಜಿ ಮಾಡಿಕೊಂಡರೂ ಕೇಸ್ ಪೂರ್ತಿ ಮುಗಿಯುವುದಿಲ್ಲ, 281 ರಾಜಿಗೆ ಬರುವ ಸೆಕ್ಷನ್ ಅಲ್ಲ. ಆದರೂ ಆಸ್ಪತ್ರೆ ಖರ್ಚಿಗೆ ಕೈಜೋಡಿಸಿ, ಪಾಪ ದುಡಿಯುವ ಹುಡುಗ. ಬ್ಯಾಂಕ್ ಮೂಲಕವೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಪರಿಹಾರದ ಕೇಸನ್ನು ಆ ಹುಡುಗನ ಕಡೆಯವರು ಆರು ತಿಂಗಳೊಳಗೆ ಹಾಕಬಹುದು. ಕುಡಿದಿದ್ದ ಅಂತ ಇನ್ಶೂರೆನ್ಸ್‌ನವರು ತಕರಾರು ತೆಗೆದೇ ತೆಗೆಯುತ್ತಾರೆ. ಅವರು ಮೊದಲು ಕೊಟ್ಟರೂ ಆಮೇಲೆ ಮಾಲೀಕರಿಂದ ವಸೂಲಿಗೆ ಬರಬಹುದು. ಕಾರು ದೊಡ್ಡಪ್ಪನ ಹೆಸರಲ್ಲಿದೆ, ಮರೆಯಬೇಡಿ.

ಸಂಜೆ ಆರಕ್ಕೆ ಪಾಲಿಸಿ, ಆರ್‌ಸಿ, ಡಿಎಲ್ ತೆಗೆದುಕೊಂಡು ದೊಡ್ಡಪ್ಪನನ್ನೂ ಕರೆದುಕೊಂಡು ಆಫೀಸಿಗೆ ಬನ್ನಿ. ಇನ್ನು ಗ್ರೂಪಲ್ಲಿ ಈ ವಿಷಯ ಬೇಡ.